ಕಾಯಿಲೆಗೊಂದು ಖಾತೆ, ಅದಕ್ಕೊಂದು ರಸೀದಿ ಡಬ್ಬಿ



ಕಳೆದ ತಿಂಗಳು ಪ್ರಥಮ ಪಿಯುಸಿ ವಾಣಿಜ್ಯ ತರಗತಿಯಲ್ಲಿ ವಿಮೆಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, "ಸರ್, ಅಮೆರಿಕದಲ್ಲಿ ಕಾಯಿಲೆಗೆಂದೇ ಬೇರೆ ಅಕೌಂಟ್ ಇದೆಯಂತೆ. ಅದರಲ್ಲಿ ಹಾಕಿದ ಹಣಕ್ಕೆ ಟ್ಯಾಕ್ಸ್ ಇಲ್ಲವಂತೆ. ನನ್ನ ಮಾಮ ಹೇಳಿದ್ರು. ಹೌದಾ ಸರ್? ನಮ್ಮಲ್ಲಿ ಯಾಕಿಲ್ಲ?" ಎಂದು ಕೇಳಿದಳು. ಹೌದು ಎಂದೆ. ಯಾಕಿಲ್ಲ ಎಂಬುದಕ್ಕೆ ಉತ್ತರ ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು. ಅರ್ಧಕ್ಕೆ ನಿಂತ ಆ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಅಲ್ಲಿನ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಮೆರಿಕದ ಲೆಕ್ಕ ಬೇರೆ. ನನಗೆ ಅದು ಪುಸ್ತಕದಿಂದ ಗೊತ್ತಾದದ್ದಲ್ಲ, ನಮ್ಮ ಅಬ್ಬ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಣ್ಣ ಫೋನಿನಲ್ಲಿ ಹೇಳಿದ್ದರಿಂದ ಗೊತ್ತಾಯಿತು.

2022ರ ಫೆಬ್ರವರಿ. ಸುಬಹಿ ನಮಾಝ್ ಮುಗಿಸಿ ಬಂದ ಅಬ್ಬ ಎದೆ ಹಿಡಿದುಕೊಂಡು ಕುಳಿತರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂದು ರಕ್ತನಾಳ ಮುಚ್ಚಿದೆ, ಸ್ಟೆಂಟ್ ಹಾಕಬೇಕು ಎಂದರು. ಎಲ್ಲ ಸೇರಿ 1 ಲಕ್ಷ 70 ಸಾವಿರ ರೂಪಾಯಿ. ಅಬ್ಬನ ಹೆಸರಿನಲ್ಲಿ ಯಾವ ಪಾಲಿಸಿಯೂ ಇರಲಿಲ್ಲ. ಲೆಕ್ಕಶಾಸ್ತ್ರ ಕಲಿಸುವ ಮಗ ಮನೆಯಲ್ಲಿದ್ದೂ ಇರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಉಮ್ಮ ಕಪಾಟಿನಲ್ಲಿ ಕೂಡಿಟ್ಟಿದ್ದ ಹಣ ತಂದರು. ಅಕ್ಕ ಸ್ವಲ್ಪ ಕೊಟ್ಟಳು. ಸಂಬಂಧಿಕರು ನಾಲ್ಕೈದು ಮಂದಿ ಜೇಬಿನಲ್ಲಿದ್ದದ್ದನ್ನು ಬಡ್ಡಿಯಿಲ್ಲದೆ ಕೈಗಿತ್ತರು. ನೋಟಿನ ಕಟ್ಟು ಹಿಡಿದು ಕೌಂಟರಿನಲ್ಲಿ ನಿಂತು ಬಿಲ್ ಕಟ್ಟಿದೆ. ಆ ನೋಟಿನ ಕಟ್ಟಿನ ಕಥೆಗೆ ಆಮೇಲೆ ಬರುತ್ತೇನೆ.

ಅಣ್ಣ ಆಗ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದ, ಈಗಲೂ ಇದ್ದಾನೆ. ಆ ರಾತ್ರಿ ಫೋನ್ ಮಾಡಿದಾಗ ಅವನ ಧ್ವನಿ ಕುಗ್ಗಿತ್ತು. "ನನ್ನ ಹೆಲ್ತ್ ಅಕೌಂಟಿನಲ್ಲಿ 5,600 ಡಾಲರ್ ಇದೆ. ಅಬ್ಬನಿಗೆ ಅದರಿಂದ ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ" ಎಂದ. ನನಗೆ ಸಿಟ್ಟು ಬಂತು. ಆರೋಗ್ಯಕ್ಕೆಂದು ಇಟ್ಟ ಹಣ, ಹೆತ್ತ ತಂದೆಯ ಹೃದಯಕ್ಕೆ ಯಾಕೆ ಆಗುವುದಿಲ್ಲ? ಅದು ಯಾಕೆಂದು ತಿಳಿಯಬೇಕಾದರೆ ಆ ಖಾತೆ ಏನು ಎಂಬಲ್ಲಿಂದ ಶುರು ಮಾಡಬೇಕು.

ಅಮೆರಿಕದಲ್ಲಿ ಕೆಲಸಕ್ಕಿರುವ ಬಹುಪಾಲು ಮಂದಿಗೆ ಆರೋಗ್ಯ ವಿಮೆ ಬರುವುದು ಕೆಲಸ ಕೊಟ್ಟ ಕಂಪನಿಯ ಮೂಲಕ. ಇದರ ಬೇರು ಎರಡನೇ ಮಹಾಯುದ್ಧದಲ್ಲಿದೆ. 1942ರಲ್ಲಿ ಸರಕಾರ ಸಂಬಳ ಏರಿಸದಂತೆ ಕಟ್ಟುಪಾಡು ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಸಂಬಳದ ಬದಲು ವಿಮೆ ಕೊಡತೊಡಗಿದವು. ಹೀಗೆ ಕೊಟ್ಟ ವಿಮೆಯನ್ನು ನೌಕರನ ಆದಾಯವೆಂದು ಲೆಕ್ಕ ಹಾಕಬಾರದು ಎಂದು 1954ರ ತೆರಿಗೆ ಕಾನೂನು ಸ್ಪಷ್ಟಪಡಿಸಿತು. ಅಲ್ಲಿಂದ ಚಿಕಿತ್ಸೆ ಮತ್ತು ತೆರಿಗೆ ಒಂದಕ್ಕೊಂದು ಅಂಟಿಕೊಂಡೇ ಬೆಳೆದಿವೆ.

ವರ್ಷಗಳು ಕಳೆದಂತೆ ಚಿಕಿತ್ಸೆಯ ವೆಚ್ಚ ಏರಿತು, ಪ್ರೀಮಿಯಂ ಕೂಡ ಏರಿತು. ಆಗ ಕೆಲವು ಅರ್ಥಶಾಸ್ತ್ರಜ್ಞರು ಒಂದು ವಾದ ಮುಂದಿಟ್ಟರು. ಬಿಲ್ ಕಟ್ಟುವವರು ಬೇರೆ ಯಾರೋ ಆದರೆ ರೋಗಿ ಬೆಲೆ ಕೇಳುವುದಿಲ್ಲ. ಸಣ್ಣಪುಟ್ಟ ಖರ್ಚು ಅವನ ಜೇಬಿನಿಂದಲೇ ಹೋದರೆ ಅವನು ಯೋಚಿಸಿ ಖರ್ಚು ಮಾಡುತ್ತಾನೆ. ವಿಮೆ ದೊಡ್ಡ ಕಾಯಿಲೆಗೆ ಇದ್ದರೆ ಸಾಕು. 1996ರಲ್ಲಿ ಈ ವಿಚಾರವನ್ನು ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಲು ಕಾನೂನು ಬಂತು. 2003ರ ಡಿಸೆಂಬರ್ 8ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ ಕಾಯ್ದೆ ಮುಖ್ಯವಾಗಿ ಹಿರಿಯರ ಔಷಧಿ ವೆಚ್ಚಕ್ಕೆ ಸಂಬಂಧಿಸಿದ್ದು. ಆದರೆ ಅದರೊಳಗೆ ಸೇರಿಕೊಂಡಿದ್ದ ಒಂದು ಭಾಗದಿಂದ 2004ರ ಜನವರಿಯಲ್ಲಿ 'ಹೆಲ್ತ್ ಸೇವಿಂಗ್ಸ್ ಅಕೌಂಟ್' ಎಲ್ಲೆಡೆ ಜಾರಿಗೆ ಬಂತು. ಅಲ್ಲಿಯವರು ಚುಟುಕಾಗಿ ಎಚ್‌ಎಸ್‌ಎ ಎನ್ನುತ್ತಾರೆ.

ಇಲ್ಲಿ ಎರಡು ಪದಗಳನ್ನು ಬೇರೆ ಬೇರೆಯಾಗಿ ನೆನಪಿಡಿ. ಪರೀಕ್ಷೆಯಲ್ಲೂ ನೀವು ಇವೆರಡನ್ನು ಬೆರೆಸಿಬಿಡುತ್ತೀರಿ. 'ಡಿಡಕ್ಷನ್' ಎಂದರೆ ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ. 'ಡಿಡಕ್ಟಿಬಲ್' ಎಂದರೆ ವಿಮಾ ಕಂಪನಿ ಹಣ ಕೊಡಲು ಶುರು ಮಾಡುವ ಮೊದಲು ಆ ವರ್ಷ ನೀವೇ ಕಟ್ಟಬೇಕಾದ ಮೊತ್ತ. ಮೊದಲನೆಯದು ತೆರಿಗೆಯದ್ದು, ಎರಡನೆಯದು ವಿಮೆಯದ್ದು.

ಎಚ್‌ಎಸ್‌ಎ ತೆರೆಯಲು ಎಲ್ಲರಿಗೂ ಆಗುವುದಿಲ್ಲ. ಡಿಡಕ್ಟಿಬಲ್ ದೊಡ್ಡದಿರುವ ಪಾಲಿಸಿ ತೆಗೆದುಕೊಂಡವರಿಗೆ ಮಾತ್ರ. ಎಷ್ಟು ದೊಡ್ಡದು ಎಂಬುದನ್ನು ಅಲ್ಲಿನ ತೆರಿಗೆ ಇಲಾಖೆ ಪ್ರತಿ ವರ್ಷ ಹೇಳುತ್ತದೆ. 2026ಕ್ಕೆ ಒಬ್ಬರಿಗಾದರೆ ಕನಿಷ್ಠ 1,700 ಡಾಲರ್, ಕುಟುಂಬಕ್ಕಾದರೆ 3,400 ಡಾಲರ್. ಲಸಿಕೆ, ವಾರ್ಷಿಕ ತಪಾಸಣೆಯಂಥ ಮುನ್ನೆಚ್ಚರಿಕೆಯ ಸೇವೆಗಳನ್ನು ಬಿಟ್ಟರೆ ಉಳಿದ ಬಹುತೇಕ ಖರ್ಚು ಆ ಮೊತ್ತ ಮುಟ್ಟುವವರೆಗೆ ಮನೆಯವರದ್ದೇ. ಮಗುವಿಗೆ ಜ್ವರ ಬಂದು ಡಾಕ್ಟರ ಬಳಿ ಹೋದರೂ ಪೂರ್ತಿ ಬಿಲ್ ಕೈಯಿಂದ. 2026ರಿಂದ ಇದಕ್ಕೊಂದು ಸಡಿಲಿಕೆ ಬಂದಿದೆ. ಸರಕಾರಿ ಮಾರುಕಟ್ಟೆಯಲ್ಲಿ 'ಬ್ರಾಂಜ್' ಎಂದು ಕರೆಯುವ ಕಡಿಮೆ ಪ್ರೀಮಿಯಂನ ಪಾಲಿಸಿ ಇದ್ದವರೂ ಈಗ ಈ ಖಾತೆ ತೆರೆಯಬಹುದು.

ಅಂಥ ಪಾಲಿಸಿಯ ಪ್ರೀಮಿಯಂ ಸಾಮಾನ್ಯವಾಗಿ ಕಡಿಮೆ. ಉಳಿದ ಹಣವನ್ನು ಖಾತೆಗೆ ಹಾಕು, ಸಣ್ಣ ಬಿಲ್‌ಗಳನ್ನು ಅದರಿಂದ ಕಟ್ಟು ಎಂಬುದು ಯೋಜನೆ. 2026ರಲ್ಲಿ ಒಬ್ಬರ ಪಾಲಿಸಿಗೆ 4,400, ಕುಟುಂಬದ ಪಾಲಿಸಿಗೆ 8,750 ಡಾಲರ್‌ವರೆಗೆ ಹಾಕಬಹುದು. 55 ವರ್ಷ ದಾಟಿದವರು ಇನ್ನೂ 1,000 ಡಾಲರ್ ಸೇರಿಸಬಹುದು. ಕಂಪನಿಯೂ ಸ್ವಲ್ಪ ಹಾಕಬಹುದು, ಆದರೆ ಎರಡೂ ಸೇರಿ ಮಿತಿ ದಾಟಬಾರದು.

ಇದರಲ್ಲಿ ತೆರಿಗೆಯ ಲಾಭ ಮೂರು ಕಡೆ ಸಿಗುತ್ತದೆ. ಹಾಕುವಾಗ ಆದಾಯದಿಂದ ಕಳೆಯುತ್ತಾರೆ, ಆದ್ದರಿಂದ ತೆರಿಗೆ ಇಲ್ಲ. ಒಳಗೆ ಅದು ಬೆಳೆದರೆ ಆ ಬೆಳೆದ ಭಾಗಕ್ಕೆ ತೆರಿಗೆ ಇಲ್ಲ. ಚಿಕಿತ್ಸೆಗೆಂದು ತೆಗೆದರೆ ಆಗಲೂ ತೆರಿಗೆ ಇಲ್ಲ. ನಮ್ಮಲ್ಲಿ ಪಿಪಿಎಫ್ ಖಾತೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಹೀಗೆ ಮೂರೂ ಕಡೆ ವಿನಾಯಿತಿ ಇದೆ, ಅದನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಅಮೆರಿಕದ ಎಲ್ಲ ರಾಜ್ಯಗಳೂ ಇದನ್ನು ಒಪ್ಪಿಲ್ಲ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿಯಲ್ಲಿ ಕೇಂದ್ರದ ತೆರಿಗೆಗೆ ವಿನಾಯಿತಿ ಸಿಕ್ಕರೂ ರಾಜ್ಯದ ಆದಾಯ ತೆರಿಗೆಗೆ ಸಿಗುವುದಿಲ್ಲ. ನಮ್ಮವರು ಬಹಳ ಮಂದಿ ಇರುವುದು ಆ ಎರಡು ರಾಜ್ಯಗಳಲ್ಲೇ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲದ್ದರಿಂದ ಅಣ್ಣನಿಗೆ ಆ ತಲೆನೋವು ಇರಲಿಲ್ಲ.

ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆಯಿರಿ. ಒಬ್ಬನ ಆದಾಯದ ಮೇಲ್ಭಾಗ 22 ಶೇಕಡ ತೆರಿಗೆಯ ಮೆಟ್ಟಿಲಲ್ಲಿದೆ. ಅವನು ವರ್ಷಕ್ಕೆ 4,000 ಡಾಲರ್ ಹಾಕಿದ. ಉಳಿದ ಆದಾಯ ತೆರಿಗೆ 880 ಡಾಲರ್. ಸಂಬಳದಿಂದಲೇ ಕಂಪನಿಯ ಮೂಲಕ ಕಡಿತವಾಗಿ ಹೋದರೆ, ಪಿಂಚಣಿ ಮತ್ತು ಹಿರಿಯರ ವಿಮೆಗೆಂದು ಸಂಬಳದಿಂದ ಹಿಡಿಯುವ 7.65 ಶೇಕಡ ಕೂಡ ಆ ಮೊತ್ತಕ್ಕೆ ತಗಲುವುದಿಲ್ಲ, ಅದು 306 ಡಾಲರ್. ಒಟ್ಟು 1,186. ಅಂದರೆ 4,000 ಡಾಲರಿನ ಚಿಕಿತ್ಸೆ ಅವನಿಗೆ 2,814 ಡಾಲರಿಗೆ ಸಿಕ್ಕಿತು. ಈಗ ಅದೇ ಲೆಕ್ಕವನ್ನು 12 ಶೇಕಡ ಮೆಟ್ಟಿಲಲ್ಲಿರುವವನಿಗೆ ಮಾಡಿ. 480 ಮತ್ತು 306, ಒಟ್ಟು 786. ಕಡಿಮೆ ಸಂಬಳದವನಿಗೆ ಅದೇ ಚಿಕಿತ್ಸೆ ಹೆಚ್ಚು ಬೆಲೆಗೆ ಬಿತ್ತು. ಈ ವಿಚಿತ್ರವನ್ನು ಮನಸ್ಸಿನಲ್ಲಿಡಿ.

ಖಾತೆ ನೌಕರನ ಹೆಸರಿನಲ್ಲಿ, ಕಂಪನಿಯದ್ದಲ್ಲ. ಕೆಲಸ ಬಿಟ್ಟರೂ ಹಣ ಅವನ ಜೊತೆ ಹೋಗುತ್ತದೆ. ವರ್ಷ ಮುಗಿಯಿತೆಂದು ಕಳೆದುಹೋಗುವುದಿಲ್ಲ. ಅಲ್ಲಿ ಎಫ್‌ಎಸ್‌ಎ ಎಂಬ ಇನ್ನೊಂದು ಬಗೆಯ ಖಾತೆ ಇದೆ, ಹೆಸರು ಹತ್ತಿರ ಹತ್ತಿರ. ಅದರಲ್ಲಿ ಉಳಿದ ಹಣವನ್ನು ನಿಗದಿತ ಸಮಯದಲ್ಲಿ ಖರ್ಚು ಮಾಡದಿದ್ದರೆ ಬಹುಪಾಲು ಹೋಯಿತು ಎಂದೇ ಲೆಕ್ಕ. ಹೊಸದಾಗಿ ಹೋದವರು ಎರಡನ್ನೂ ಒಂದೇ ಎಂದುಕೊಂಡು ಡಿಸೆಂಬರ್ ಕೊನೆಯಲ್ಲಿ ಬೇಡದ ಕನ್ನಡಕ ಕೊಳ್ಳುತ್ತಾರೆ ಎಂದು ಅಣ್ಣ ನಗುತ್ತಿದ್ದ.

ಎಚ್‌ಎಸ್‌ಎ ಹಣದಿಂದ ಡಾಕ್ಟರ ಫೀಸು, ಔಷಧಿ, ಹಲ್ಲಿನ ಚಿಕಿತ್ಸೆ, ಕನ್ನಡಕ, ಕಿವಿಯ ಯಂತ್ರ ಎಲ್ಲ ಆಗುತ್ತದೆ. 2020ರಿಂದ ಚೀಟಿ ಇಲ್ಲದೆ ಕೊಳ್ಳುವ ಔಷಧಿಗಳೂ, ಸ್ಯಾನಿಟರಿ ಪ್ಯಾಡ್‌ಗಳೂ ಸೇರಿವೆ. ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಇಲ್ಲ. ವಿಮೆಯ ಪ್ರೀಮಿಯಂ ಕಟ್ಟಲು ಕೂಡ, ಕೆಲವು ಸಂದರ್ಭ ಬಿಟ್ಟರೆ, ಬಳಸುವಂತಿಲ್ಲ. ಬೇರೆ ಕೆಲಸಕ್ಕೆ ತೆಗೆದರೆ ಆ ಮೊತ್ತಕ್ಕೆ ಆದಾಯ ತೆರಿಗೆ, ಅದರ ಮೇಲೆ 20 ಶೇಕಡ ದಂಡ. ಮೊದಲು ದಂಡ 10 ಶೇಕಡ ಇತ್ತು, 2011ರಿಂದ ದುಪ್ಪಟ್ಟಾಯಿತು. 65 ವರ್ಷ ತುಂಬಿದ ಮೇಲೆ ದಂಡ ಇಲ್ಲ, ತೆರಿಗೆ ಮಾತ್ರ. ಹಾಗಾಗಿ ಸಂಬಳ ಚೆನ್ನಾಗಿರುವವರು ಇದನ್ನು ಮುಪ್ಪಿನ ಉಳಿತಾಯದ ಹಾಗೆ ಮುಟ್ಟದೆ ಇಡುತ್ತಾರೆ.

ಈಗ ಅಬ್ಬನ ವಿಷಯಕ್ಕೆ ಬರುತ್ತೇನೆ. ಖಾತೆಯ ಹಣ ಯಾರ ಚಿಕಿತ್ಸೆಗೆ ಬಳಸಬಹುದು? ಖಾತೆದಾರ, ಅವನ ಹೆಂಡತಿ ಅಥವಾ ಗಂಡ, ಮತ್ತು ತೆರಿಗೆ ಕಾನೂನಿನ ಪ್ರಕಾರ ಅವನ 'ಅವಲಂಬಿತರು'. ತಂದೆ-ತಾಯಿಯೂ ಅವಲಂಬಿತರಾಗಬಹುದು. ಆದರೆ ಅಲ್ಲೊಂದು ಷರತ್ತಿದೆ. ಅವಲಂಬಿತರು ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಅಮೆರಿಕ, ಕೆನಡಾ ಅಥವಾ ಮೆಕ್ಸಿಕೊದ ನಿವಾಸಿಯಾಗಿರಬೇಕು. ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿರುವ, ಪಾಸ್‌ಪೋರ್ಟ್ ಕೂಡ ಮಾಡಿಸದ ಅಬ್ಬ ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಮಗ ತಿಂಗಳು ತಿಂಗಳು ದುಡ್ಡು ಕಳಿಸಿದರೂ, ಅಬ್ಬ ಅವನ ಆಸರೆಯಲ್ಲೇ ಬದುಕುತ್ತಿದ್ದರೂ, ಆ ಕಾನೂನಿನ ಕಣ್ಣಿಗೆ ಅವರು ಅವಲಂಬಿತರಲ್ಲ.

ತಮಾಷೆ ಎಂದರೆ ಚಿಕಿತ್ಸೆ ಎಲ್ಲಿ ನಡೆಯಿತು ಎಂಬುದು ಅಷ್ಟು ದೊಡ್ಡ ಅಡ್ಡಿಯಲ್ಲ. ಅಣ್ಣ 2018ರಲ್ಲಿ ರಜೆಗೆ ಬಂದಾಗ ಮಂಗಳೂರಿನಲ್ಲಿ ಹಲ್ಲಿನ ರೂಟ್ ಕೆನಾಲ್ ಮಾಡಿಸಿಕೊಂಡಿದ್ದ. ಅಲ್ಲಿನ ಬೆಲೆಗೆ ಹೋಲಿಸಿದರೆ ಇಲ್ಲಿ ಕೈತುಂಬ ಉಳಿತಾಯ. ಆ ಖರ್ಚು ಅವನದ್ದಾದ್ದರಿಂದ ಎಚ್‌ಎಸ್‌ಎಗೆ ಸಲ್ಲುತ್ತದೆ. ಮಂಗಳೂರಿನಲ್ಲಿ ಮಗನ ಹಲ್ಲಿಗೆ ಆಗುತ್ತದೆ, ಅದೇ ಊರಿನಲ್ಲಿ ತಂದೆಯ ಹೃದಯಕ್ಕೆ ಆಗುವುದಿಲ್ಲ!

ಅಬ್ಬನಿಗೆಂದು 2,000 ಡಾಲರ್ ತೆಗೆದಿದ್ದರೆ ಏನಾಗುತ್ತಿತ್ತು ನೋಡಿ. ಅವನ ಮೆಟ್ಟಿಲು 22 ಶೇಕಡ. ತೆರಿಗೆ 440, ದಂಡ 400. ಕೈಗೆ ಉಳಿಯುವುದು 1,160. ದಂಡ ಕಟ್ಟಿಯಾದರೂ ತೆಗೆಯುತ್ತೇನೆ ಎಂದು ಹೊರಟವನನ್ನು ಅತ್ತಿಗೆ ತಡೆದರು. "ರಸೀದಿ ಡಬ್ಬಿ ನೋಡಿದಿರಾ?" ಎಂದು ಕೇಳಿದರಂತೆ.

ಈ ಖಾತೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ನಿಯಮವಿದೆ. ಚಿಕಿತ್ಸೆಯ ಖರ್ಚನ್ನು ಕೈಯಿಂದ ಕಟ್ಟಿ, ಖಾತೆಯಿಂದ ಆ ಮೊತ್ತವನ್ನು ಆಮೇಲೆ ತೆಗೆಯಬಹುದು. ಎಷ್ಟು ಆಮೇಲೆ ಎಂಬುದಕ್ಕೆ ಗಡುವು ಇಲ್ಲ, ಹತ್ತು ವರ್ಷ ಬಿಟ್ಟು ತೆಗೆದರೂ ಆಗುತ್ತದೆ. ಖರ್ಚು ಖಾತೆ ತೆರೆದ ನಂತರದ್ದಾಗಿರಬೇಕು, ವಿಮಾ ಕಂಪನಿ ಅದನ್ನು ಕೊಟ್ಟಿರಬಾರದು, ತೆರಿಗೆಯಲ್ಲಿ ಬೇರೆ ಕಡೆ ಡಿಡಕ್ಷನ್ ಪಡೆದಿರಬಾರದು. ರಸೀದಿಯನ್ನು ಯಾರಿಗೂ ಕಳಿಸಬೇಕಾಗಿಲ್ಲ. ರಿಟರ್ನ್ ಜೊತೆ ಫಾರಂ 8889 ತುಂಬಿದರೆ ಸಾಕು. ಆದರೆ ಇಲಾಖೆ ಕೇಳಿದ ದಿನ ತೋರಿಸಲು ರಸೀದಿ ಕೈಯಲ್ಲಿರಬೇಕು.

ಅಣ್ಣ ಖಾತೆ ತೆರೆದದ್ದು 2017ರಲ್ಲಿ. ಖಾತೆಯ ಹಣ ಒಳಗೇ ಬೆಳೆಯಲಿ ಎಂದು ಸಣ್ಣ ಬಿಲ್‌ಗಳನ್ನು ಸಂಬಳದಿಂದಲೇ ಕಟ್ಟುತ್ತಿದ್ದ. ಅತ್ತಿಗೆ ಪ್ರತಿ ರಸೀದಿಯನ್ನೂ ಬಿಸ್ಕತ್ತಿನ ಟಿನ್ ಡಬ್ಬಿಯಲ್ಲಿ ಹಾಕುತ್ತಿದ್ದರು. ಆ ರಾತ್ರಿ ಇಬ್ಬರೂ ನೆಲದ ಮೇಲೆ ಕುಳಿತು ಡಬ್ಬಿ ಸುರಿದರು. 2019ರಲ್ಲಿ ಮಗ ಸೈಕಲಿನಿಂದ ಬಿದ್ದು ಕೈ ಮುರಿದುಕೊಂಡಾಗಿನ ಬಿಲ್, ಅತ್ತಿಗೆಯ ಕನ್ನಡಕದ್ದು, ಮಂಗಳೂರಿನ ಹಲ್ಲಿನ ಡಾಕ್ಟರದ್ದು, ಔಷಧಿ ಅಂಗಡಿಯ ಚೀಟಿಗಳು. ಕೂಡಿಸಿದರೆ 2,000 ಡಾಲರಿಗೆ ಸ್ವಲ್ಪ ಮೇಲೆ. ಅಷ್ಟಕ್ಕೂ ತಾನು ಹಿಂದೆಯೇ ಕೈಯಿಂದ ಕಟ್ಟಿದ ಹಣ. ಅದನ್ನು ಈಗ ವಾಪಸು ಪಡೆದ. ತೆರಿಗೆ ಇಲ್ಲ, ದಂಡ ಇಲ್ಲ. ವಾಪಸು ಬಂದದ್ದು ಅವನ ಸ್ವಂತ ಹಣ, ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಆಗಿನ ದರದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ. ಅಬ್ಬ ಮನೆಗೆ ಬಂದ ವಾರದೊಳಗೆ ಸಂಬಂಧಿಕರ ಸಾಲ ತೀರಿತು, ಉಮ್ಮನ ಹಣ ಕಪಾಟಿಗೆ ಮರಳಿತು.

ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿದಾಗ ಒಬ್ಬ ಸಹೋದ್ಯೋಗಿ, "ಇದು ಕಾನೂನಿಗೆ ಟೋಪಿ ಹಾಕಿದಂತಲ್ಲವೇ?" ಎಂದರು. ಅಲ್ಲ. ಇಲ್ಲದ ಖರ್ಚನ್ನು ತೋರಿಸಿದ್ದರೆ, ಅಬ್ಬನ ಬಿಲ್ಲನ್ನು ತನ್ನದೆಂದು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಅವನು ಮಾಡಿದ್ದು ಕಾನೂನೇ ಬರೆದಿಟ್ಟ ದಾರಿಯಲ್ಲಿ ನಡೆದದ್ದು.

ನಿಮ್ಮಲ್ಲಿ ಕೆಲವರು ಕೇಳಲಿರುವ ಇನ್ನೊಂದು ಪ್ರಶ್ನೆ, ಆ ಖಾತೆಯಲ್ಲಿ ಬಡ್ಡಿ ಬರುತ್ತದೆಯೇ? ನಗದಾಗಿ ಬಿಟ್ಟರೆ ಬರುತ್ತದೆ. ಹೆಚ್ಚಿನ ಕಡೆ ಷೇರು ಮತ್ತು ಮ್ಯೂಚುವಲ್ ಫಂಡಿನಲ್ಲಿ ಹಾಕುವ ಆಯ್ಕೆಯೂ ಇದೆ. ಯಾವುದು ಸರಿ ಎಂಬುದನ್ನು ಉಲೇಮಾಗಳಲ್ಲಿ ಕೇಳಬೇಕು, ಲೆಕ್ಕಶಾಸ್ತ್ರದ ಮೇಷ್ಟ್ರಲ್ಲಿ ಅಲ್ಲ.

ಇಷ್ಟು ಕೇಳಿದ ಮೇಲೆ ಎಚ್‌ಎಸ್‌ಎ ಅದ್ಭುತ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಮೊದಲ ಕಾರಣವನ್ನು ನೀವೇ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದ್ದೀರಿ, ಹೆಚ್ಚು ಸಂಬಳದವನಿಗೆ ಹೆಚ್ಚು ಲಾಭ. ಎರಡನೆಯದು, ಉಳಿಸಲು ಏನಾದರೂ ಇದ್ದರೆ ತಾನೆ ಖಾತೆಗೆ ಹಾಕುವುದು? ತಿಂಗಳ ಕೊನೆಗೆ ಕೈ ಬರಿದಾಗುವವನ ಪಾಲಿಗೆ ಡಿಡಕ್ಟಿಬಲ್ ಮಾತ್ರ ಉಳಿಯುತ್ತದೆ, ಖಾತೆ ಖಾಲಿ. ಅವನು ಡಾಕ್ಟರ ಬಳಿ ಹೋಗುವುದನ್ನೇ ಮುಂದೂಡುತ್ತಾನೆ. ಅಮೆರಿಕದಲ್ಲಿ 1970ರ ದಶಕದಲ್ಲಿ ರ‍್ಯಾಂಡ್ ಸಂಸ್ಥೆ ಸಾವಿರಾರು ಜನರ ಮೇಲೆ ದೊಡ್ಡ ಪ್ರಯೋಗ ಮಾಡಿತ್ತು. ಕೈಯಿಂದ ಹಣ ಹೋಗುವಾಗ ಜನ ಚಿಕಿತ್ಸೆ ಕಡಿಮೆ ಮಾಡುತ್ತಾರೆ ಎಂಬುದು ನಿಜವಾಯಿತು. ಆದರೆ ಬೇಡದ ಚಿಕಿತ್ಸೆಯನ್ನಷ್ಟೇ ಅಲ್ಲ, ಬೇಕಾದ ಚಿಕಿತ್ಸೆಯನ್ನೂ ಅಷ್ಟೇ ಕಡಿಮೆ ಮಾಡಿದರು. ಬಡವರಾಗಿದ್ದು ಮೊದಲೇ ಕಾಯಿಲೆ ಇದ್ದವರ ರಕ್ತದೊತ್ತಡದ ಮೇಲೆ ಅದರ ಕೆಟ್ಟ ಪರಿಣಾಮ ಕಂಡಿತು. ಎದೆನೋವು ಬಂದವನು ಬೆಲೆ ವಿಚಾರಿಸಿಕೊಂಡು ಹೋಗುವುದಿಲ್ಲ. ಅಬ್ಬನನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋಗುವಾಗ ನಾನು ಯಾವ ಆಸ್ಪತ್ರೆಯಲ್ಲಿ ಸ್ಟೆಂಟ್ ಅಗ್ಗ ಎಂದು ಯೋಚಿಸಲಿಲ್ಲ, ಯಾವುದು ಹತ್ತಿರ ಎಂದಷ್ಟೇ ಯೋಚಿಸಿದೆ.

ಇದೇ ವಿಚಾರವನ್ನು ಬೇರೆ ರೀತಿ ಮಾಡಿದ ದೇಶವೂ ಇದೆ. ಸಿಂಗಾಪುರದಲ್ಲಿ 1984ರಿಂದ 'ಮೆಡಿಸೇವ್' ಎಂಬ ಖಾತೆ ಇದೆ. ಅಲ್ಲಿ ಹಾಕುವುದು ಐಚ್ಛಿಕವಲ್ಲ, ಸಂಬಳದಿಂದ ಕಡ್ಡಾಯವಾಗಿ ಹೋಗುತ್ತದೆ. ಮತ್ತು ಆ ಹಣವನ್ನು ತಂದೆ-ತಾಯಿಯ ಚಿಕಿತ್ಸೆಗೂ ಬಳಸಬಹುದು.

ಇನ್ನು ಪ್ರಶ್ನೆಯ ಉಳಿದರ್ಧ, ನಮ್ಮಲ್ಲಿ ಯಾಕಿಲ್ಲ? ನಮ್ಮ ಸರಕಾರಗಳು ಬೇರೆ ದಾರಿ ಹಿಡಿದವು. ಎಲ್ಲರೂ ಒಂದೇ ಚೀಲಕ್ಕೆ ಸ್ವಲ್ಪ ಸ್ವಲ್ಪ ಹಾಕಿ, ಕಾಯಿಲೆ ಬಿದ್ದವರು ಅದರಿಂದ ತೆಗೆದುಕೊಳ್ಳುವ ದಾರಿ. ಅಮೆರಿಕದಲ್ಲಿ ಬುಷ್ ಸಹಿ ಹಾಕಿದ ಅದೇ 2003ರಲ್ಲಿ ಕರ್ನಾಟಕದಲ್ಲಿ ಸಹಕಾರಿ ಸಂಘದ ರೈತರಿಗಾಗಿ ಯಶಸ್ವಿನಿ ಯೋಜನೆ ಕೆಲಸ ಆರಂಭಿಸಿತು. ನಡುವೆ ನಿಂತು, 2022ರಲ್ಲಿ ಮತ್ತೆ ಶುರುವಾಗಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ವೆಚ್ಚದ 30 ಶೇಕಡ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಎಷ್ಟು ಕಾರ್ಡ್ ಇದೆಯೋ ನೋಡಿ. ತುರ್ತು ಸಂದರ್ಭ ಬಿಟ್ಟರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ ಎಂಬುದನ್ನೂ ತಿಳಿದಿರಿ.

ತೆರಿಗೆಯ ಕಡೆಯಿಂದ ನಮ್ಮಲ್ಲಿರುವುದು ಸೆಕ್ಷನ್ 80ಡಿ. ತನಗೆ, ಹೆಂಡತಿ ಅಥವಾ ಗಂಡನಿಗೆ, ಮಕ್ಕಳಿಗೆ ಕಟ್ಟಿದ ಆರೋಗ್ಯ ವಿಮೆಯ ಪ್ರೀಮಿಯಂ 25,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ತಂದೆ-ತಾಯಿಗೆ ಕಟ್ಟಿದರೆ ಬೇರೆಯೇ 25,000, ಅವರಿಗೆ 60 ವರ್ಷ ತುಂಬಿದ್ದರೆ 50,000. ಅವರು ನಮ್ಮ ಅವಲಂಬಿತರಾಗಿರಬೇಕೆಂಬ ಷರತ್ತೂ ಇಲ್ಲ. ಈ ಒಂದು ಸಾಲು ಓದಿದಾಗ ಅಣ್ಣನ ಮುಖ ನೆನಪಾಗುತ್ತದೆ. ಅಲ್ಲಿನ ಕಾನೂನು ಮರೆತ ತಂದೆ-ತಾಯಿಯನ್ನು ಇಲ್ಲಿನ ಕಾನೂನು ಪ್ರತ್ಯೇಕವಾಗಿ ಹೆಸರಿಸಿದೆ.

ಇನ್ನೂ ಒಂದು ಮಾತಿದೆ. 60 ದಾಟಿದ ತಂದೆ-ತಾಯಿಗೆ ಆರೋಗ್ಯ ವಿಮೆಯೇ ಇಲ್ಲದಿದ್ದರೆ, ಅವರ ಚಿಕಿತ್ಸೆಗೆ ಮಕ್ಕಳು ಮಾಡಿದ ಖರ್ಚನ್ನೇ 50,000ದವರೆಗೆ ಕಳೆಯಬಹುದು. ಅಬ್ಬನಿಗೆ ಆಗ 70 ವರ್ಷ, ಪಾಲಿಸಿ ಇಲ್ಲ, ಬಿಲ್ 1 ಲಕ್ಷ 70 ಸಾವಿರ. ನಾನು 20 ಶೇಕಡ ಮೆಟ್ಟಿಲಲ್ಲಿದ್ದೆ. ಸೆಸ್ ಸೇರಿ 20.8 ಶೇಕಡ. 50,000ಕ್ಕೆ 10,400 ರೂಪಾಯಿ ತೆರಿಗೆ ಉಳಿಯಬೇಕಿತ್ತು. ಗಮನಿಸಿ, ಉಳಿಯುವುದು 50,000 ಅಲ್ಲ. ಪ್ರತಿ ವರ್ಷ ಉತ್ತರ ಪತ್ರಿಕೆಯಲ್ಲಿ ಇದನ್ನು ತಪ್ಪಾಗಿ ಬರೆಯುವವರು ಇದ್ದೇ ಇರುತ್ತಾರೆ.

ನನಗೆ ಆ 10,400 ಸಿಗಲಿಲ್ಲ. ಪ್ರೀಮಿಯಂ ಆಗಲಿ, ಹಿರಿಯರ ಚಿಕಿತ್ಸೆಯ ಖರ್ಚಾಗಲಿ ನಗದಾಗಿ ಕಟ್ಟಿದರೆ 80ಡಿ ಅನ್ವಯಿಸುವುದಿಲ್ಲ. ಚೆಕ್, ಕಾರ್ಡ್, ಬ್ಯಾಂಕ್ ವರ್ಗಾವಣೆ, ಯುಪಿಐ ಯಾವುದಾದರೂ ಆಗಬಹುದು, ನೋಟು ಮಾತ್ರ ಆಗದು. ಮುನ್ನೆಚ್ಚರಿಕೆಯ ತಪಾಸಣೆಗೆ 5,000 ರೂಪಾಯಿವರೆಗೆ ನಗದು ಒಪ್ಪುತ್ತಾರೆ, ಅಷ್ಟೇ. ನಾನು ನೋಟಿನ ಕಟ್ಟನ್ನು ಕೌಂಟರಿನ ಕಿಂಡಿಯೊಳಗೆ ತಳ್ಳಿದ ಆ ಎರಡು ನಿಮಿಷದಲ್ಲಿ 10,400 ರೂಪಾಯಿ ಹೋಯಿತು. ಆ ಹಣವನ್ನು ನನ್ನ ಖಾತೆಗೆ ತುಂಬಿ ಕಾರ್ಡಿನಲ್ಲಿ ಕಟ್ಟಬಹುದಿತ್ತು. ಜುಲೈನಲ್ಲಿ ರಿಟರ್ನ್ ತುಂಬಲು ಕುಳಿತಾಗ ಗೊತ್ತಾಯಿತು. ಅಷ್ಟೇ ಅಲ್ಲ, ಔಷಧಿ ಅಂಗಡಿಯ ಬಿಲ್‌ಗಳೂ ಒಂದೂ ಉಳಿದಿರಲಿಲ್ಲ. ಅತ್ತಿಗೆ ವಾಣಿಜ್ಯ ಓದಿದವರಲ್ಲ. ಡಬ್ಬಿ ಇಟ್ಟುಕೊಂಡಿದ್ದವರು ಅವರು, ನಾನಲ್ಲ.

ಈಗಿನ ಪರಿಸ್ಥಿತಿ ಹೇಳದಿದ್ದರೆ ತಪ್ಪಾಗುತ್ತದೆ. 80ಡಿ ಸಿಗುವುದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12 ಲಕ್ಷ 75 ಸಾವಿರದವರೆಗೆ ತೆರಿಗೆಯೇ ಬೀಳುವುದಿಲ್ಲವಾದ್ದರಿಂದ ನಿಮ್ಮ ಮನೆಗಳಲ್ಲಿ ಬಹುಪಾಲು ಜನರಿಗೆ 80ಡಿಯ ಅಗತ್ಯವೇ ಬಾರದಿರಬಹುದು. 2026ರ ಏಪ್ರಿಲ್ 1ರಿಂದ ಜಾರಿಯಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳೂ ಬದಲಾಗಿವೆ. ಹಳೆಯ ನೋಟ್ಸ್ ನೋಡಿ ಅಪ್ಪನಿಗೆ ಸಲಹೆ ಕೊಡಲು ಹೋಗಬೇಡಿ. ತೆರಿಗೆ ಉಳಿಯುವುದಿಲ್ಲ ಎಂದು ವಿಮೆ ಬಿಡುವುದು ಮಾತ್ರ ಮೂರ್ಖತನ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಮೊದಲು 18 ಶೇಕಡ ಇತ್ತು.

ನಿಮ್ಮ ಮಾಮ, ಚಿಕ್ಕಪ್ಪ, ಅಣ್ಣ ಯಾರಾದರೂ ಅಮೆರಿಕದಲ್ಲಿದ್ದರೆ ಕೇಳಿ ನೋಡಿ, ಖಾತೆ ಯಾವ ಬಗೆಯದ್ದು, ಎಚ್‌ಎಸ್‌ಎ ಹೌದೋ ಎಫ್‌ಎಸ್‌ಎ ಹೌದೋ, ಹಳೆಯ ರಸೀದಿಗಳು ಇವೆಯೋ ಇಲ್ಲವೋ. ಉತ್ತರ ಬಂದರೆ ನನಗೂ ಹೇಳಿ. ಮನೆಯಲ್ಲಿ ಹಿರಿಯರ ಆಸ್ಪತ್ರೆ ಬಿಲ್‌ಗಳಿದ್ದು, ಅಪ್ಪ ಹಳೆಯ ಪದ್ಧತಿಯಲ್ಲಿ ರಿಟರ್ನ್ ತುಂಬುವವರಾಗಿದ್ದರೆ ಬಿಲ್‌ಗಳನ್ನು ತನ್ನಿ. ಗುರುವಾರ ಮೂರನೇ ಪೀರಿಯಡ್ ನನಗೆ ಬಿಡುವು, ಸ್ಟಾಫ್ ರೂಮಿನಲ್ಲಿ ಇರುತ್ತೇನೆ. ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ನೋಡಿ ಹೇಳುತ್ತೇನೆ. ನಗದಾಗಿ ಕಟ್ಟಿದ ಬಿಲ್‌ಗಳನ್ನು ತರಬೇಡಿ, ಅಂಥವು ನನ್ನ ಬಳಿಯೇ ಬೇಕಾದಷ್ಟಿವೆ.